ಮಿರ್ಜಾನಕ್ಕೆ ಬರಬೇಕೆ?

ತುಮಕೂರಿನ ಕಡೆ ಒಂದು ಹೋಬಳಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿರುವ ಗೆಳೆಯ ಮೊನ್ನೆ ಫೋನು ಮಾಡಿದ. ನಾವಿಬ್ಬರೂ ಒಂದೇ ಹಾಸ್ಟೆಲಿನ ಸಾರು ಕುಡಿದು ಡಿಗ್ರಿ ಮುಗಿಸಿದವರು. ಇಬ್ಬರ ಮನೆಯಲ್ಲೂ ನಮಗಿಂತ ಮೊದಲು ಕಾಲೇಜು ಕಂಡವರಿಲ್ಲ. ಅವನ ಶಾಲೆಯಿಂದ ನಲವತ್ತು ಮಕ್ಕಳು ಪ್ರವಾಸ ಬರುತ್ತಾರಂತೆ. ಜೋಗ ನೋಡಿ, ಗೇರುಸೊಪ್ಪೆ ಘಟ್ಟ ಇಳಿದು, ಮುರ್ಡೇಶ್ವರ ಗೋಕರ್ಣ ಮುಗಿಸಿ ವಾಪಸ್ಸು ಹೋಗುವ ಲೆಕ್ಕ. ನಡುವೆ ಅರ್ಧ ದಿನ ಉಳಿಯುತ್ತದೆ. "ನಿಮ್ಮ ಕುಮಟಾದ ಹತ್ರ ಮಿರ್ಜಾನ ಅಂತ ಒಂದು ಕೋಟೆ ಇದೆಯಂತಲ್ಲ, ಅದು ನೋಡೋ ಹಂಗಿದೆಯಾ? ಇಲ್ಲಾ ಹುಡುಗ್ರನ್ನ ಸುಮ್ನೆ ಸಮುದ್ರದಲ್ಲಿ ಆಡೋಕೆ ಬಿಟ್ಬಿಡ್ಲಾ?" ಎಂದು ಕೇಳಿದ.

ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಆ ಮಕ್ಕಳು ಪ್ರವಾಸಕ್ಕೆ ಕೊಡುವ ಹಣ ಎಲ್ಲಿಂದ ಬಂದದ್ದು ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಒಂದೊಂದು ಮಗುವಿನ ಪಾಲಿನ ಹಣವೂ ಅವರವ್ವ ಯಾರದೋ ತೋಟದಲ್ಲಿ ನಾಲ್ಕಾರು ದಿನ ಬಾಗಿ ದುಡಿದ ಕೂಲಿ. ಅದರಲ್ಲಿ ಅರ್ಧ ದಿನವನ್ನು ಒಂದು ಹಳೇ ಕೋಟೆಗೆ ಕೊಡಬೇಕೋ ಬೇಡವೋ ಎಂದು ಹೇಳುವುದು ಹುಡುಗಾಟದ ಮಾತಲ್ಲ. ನಾನು ತಟ್ಟನೆ "ಬೇಡ" ಅಂದೆ. ಅಂದ ಮೇಲೆ ರಾತ್ರಿಯೆಲ್ಲ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚಿತು. ಯಾಕೆ ಬೇಡ ಅಂದೆ, ಆಮೇಲೆ ಯಾಕೆ ಮನಸ್ಸು ಬದಲಾಯಿಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇದು ಅವನೊಬ್ಬನಿಗೆ ಬರೆದ ಉತ್ತರವಲ್ಲ. ಚರಿತ್ರೆಯ ಪಾಠ ಓದಿ ಪಾಸಾದ ನಮ್ಮೆಲ್ಲರಿಗೂ ಸೇರಿದ್ದು.

ಮೊದಲು ಬೇಡ ಅಂದದ್ದರ ಕಾರಣ ಹೇಳುತ್ತೇನೆ. ಕುಮಟಾದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟು ದೀವಗಿಯ ಸೇತುವೆ ದಾಟಿದರೆ, ಒಟ್ಟು ಹನ್ನೊಂದು ಕಿಲೋಮೀಟರಿನಲ್ಲಿ ಮಿರ್ಜಾನ ಸಿಗುತ್ತದೆ. ಅಘನಾಶಿನಿ ನದಿಯ ಪಕ್ಕ ಕೆಂಪು ಚಿರೇಕಲ್ಲಿನ ಕೋಟೆ. ಸುತ್ತಲೂ ಕಂದಕ, ಎರಡು ಸುತ್ತಿನ ಗೋಡೆ, ಎತ್ತರದ ಬುರುಜುಗಳು, ಒಳಗೆ ಹಲವು ಬಾವಿಗಳು. ಮಳೆಗಾಲದಲ್ಲಿ ಗೋಡೆಯ ತುಂಬ ಪಾಚಿ ಹತ್ತಿ ಇಡೀ ಕೋಟೆ ಹಸಿರಾಗುತ್ತದೆ. ಮದುವೆಗೆ ಮುಂಚೆ ಫೋಟೋ ಹೊಡೆಸಿಕೊಳ್ಳುವ ಜೋಡಿಗಳು ಬರುತ್ತವೆ. ನಾನು ಮೊದಲ ಸಲ ಹೋದದ್ದು ಪಿಯುಸಿಯಲ್ಲಿದ್ದಾಗ, ಕ್ಲಾಸಿನವರ ಜತೆ. ಜತೆಗೆ ಬಂದ ಹಿರಿಯರೊಬ್ಬರು ಕೋಟೆಯ ಕಥೆ ಹೇಳಿದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಟ್ಟಿಸಿದಳು ಎಂದರು. ಇನ್ನೊಬ್ಬರು ತಡೆದು, ಇಲ್ಲ, ಬಿಜಾಪುರದ ಆದಿಲಶಾಹಿಯ ಅಧಿಕಾರಿ ಶೆರೀಫ್-ಉಲ್-ಮುಲ್ಕ್ 1608ರಿಂದ 1640ರ ನಡುವೆ ಕಟ್ಟಿಸಿದ ಎಂದರು. ಅದಕ್ಕೂ ಹಿಂದೆ ನವಾಯತರು ಕಟ್ಟಿಸಿದ್ದರು ಎಂಬ ಮಾತೂ ಬಂತು. ವಿಜಯನಗರದ ಹೆಸರೂ ಬಂತು. ಬಿಸಿಲಲ್ಲಿ ನಿಂತು ಹಿರಿಯರಿಬ್ಬರೂ ಕಟ್ಟಿಸಿದವರು ಯಾರು ಎಂದು ವಾದಕ್ಕೆ ಬಿದ್ದರು. ರಾಣಿ ಕಟ್ಟಿಸಿದ್ದು ಅಂದರೆ ಒಬ್ಬರ ಮುಖ ಅರಳುತ್ತಿತ್ತು, ಸುಲ್ತಾನನ ಕಡೆಯವನು ಕಟ್ಟಿಸಿದ್ದು ಅಂದರೆ ಗಂಟಿಕ್ಕುತ್ತಿತ್ತು. ಕಲ್ಲಿಗೂ ಜಾತಿ ಮತ ಹುಡುಕುವ ಜನ ನಾವು!

ಅವತ್ತು ನನಗೆ ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಾಯಿತು. ಕಟ್ಟು ಎಂಬ ಧಾತುವಿಗೆ 'ಇಸು' ಸೇರಿದರೆ ಕಟ್ಟಿಸು. ಇದಕ್ಕೆ ಪ್ರೇರಣಾರ್ಥಕ ಎಂದು ಹೆಸರು. ತಾನು ಮಾಡದೆ ಇನ್ನೊಬ್ಬನ ಕೈಯಲ್ಲಿ ಮಾಡಿಸುವುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಎರಡು ಅಂಕ ಸಿಕ್ಕಿತ್ತು. ಆ ಎರಡು ಅಕ್ಷರದೊಳಗೆ ನಮ್ಮಪ್ಪ, ನಮ್ಮಜ್ಜ, ಅವನಪ್ಪ ಎಲ್ಲರೂ ಹೂತುಹೋಗಿದ್ದಾರೆ ಎಂದು ಆಗ ತಿಳಿದಿರಲಿಲ್ಲ. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಬಾವಿ ತೋಡಿಸಿದರು, ಕೋಟೆ ಕಟ್ಟಿಸಿದರು. ಶಾಲೆಯ ಚರಿತ್ರೆ ಪುಸ್ತಕದ ತುಂಬ ಇಸು, ಇಸು, ಇಸು. ಕಟ್ಟಿಸಿದವರಿಗಾಗಿ ಜಗಳ ನಡೆಯುತ್ತದೆ. ಕಟ್ಟಿದವರ ಬಗ್ಗೆ ಒಬ್ಬನೂ ಬಾಯಿಬಿಡುವುದಿಲ್ಲ. ಗೆಳೆಯ ಕೇಳಿದಾಗ ನನಗೆ ಬಂದ ಸಿಟ್ಟು ಇದೇ. ಕೂಲಿಯ ಮಕ್ಕಳು ಕೂಲಿಯ ಹಣ ಖರ್ಚು ಮಾಡಿ, ಕಟ್ಟಿಸಿದವರ ಹೊಗಳಿಕೆ ಕೇಳಲಿಕ್ಕೆ ಇಷ್ಟು ದೂರ ಬರಬೇಕೆ?

ಇನ್ನೊಂದು ಮಾತೂ ಇದೆ. "ನೋಡಲು ಹೋಗಬಹುದೇ" ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಉಳ್ಳವರಿಗೆ ಅದು ರುಚಿಯ ಪ್ರಶ್ನೆ. ನಮ್ಮವರಿಗೆ ಬಹಳ ಕಾಲ ಅದು ಅಪ್ಪಣೆಯ ಪ್ರಶ್ನೆ. 1934ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ತಮ್ಮ ಸಂಗಾತಿಗಳ ಜತೆ ಎಲ್ಲೋರದ ಬೌದ್ಧ ಗುಹೆ ನೋಡಲು ಹೊರಟವರು ದಾರಿಯಲ್ಲಿ ದೌಲತಾಬಾದಿನ ಕೋಟೆಗೆ ಹೋದರು. ಅದು ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದಾರಿಯ ಧೂಳು ಮೈತುಂಬ. ಬಾಗಿಲ ಬಳಿ ಇದ್ದ ಕೊಳದಲ್ಲಿ ಕೆಲವರು ಕೈಕಾಲು ಮುಖ ತೊಳೆದರು. ಕೊಳ ಮೈಲಿಗೆಯಾಯಿತು ಎಂದು ಅಲ್ಲಿನವರು ಗುಲ್ಲೆಬ್ಬಿಸಿ ಮೇಲೆ ಬಿದ್ದರು. ಕೊನೆಗೆ, ಒಳಗೆ ಎಲ್ಲೂ ನೀರು ಮುಟ್ಟಬಾರದು ಎಂಬ ಷರತ್ತಿನ ಮೇಲೆ, ಆಯುಧ ಹಿಡಿದ ಕಾವಲಿನವನನ್ನು ಜತೆಗೆ ಹಾಕಿ ಕೋಟೆ ನೋಡಲು ಬಿಟ್ಟರು. ಜಗತ್ತಿನ ದೊಡ್ಡ ವಿದ್ಯಾಲಯಗಳಲ್ಲಿ ಓದಿ ಬಂದ ಮನುಷ್ಯ ಕೋಟೆ ನೋಡಿದ ರೀತಿ ಇದು. 'ವೀಸಾಗಾಗಿ ಕಾಯುತ್ತಾ' ಎಂಬ ಬರಹದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಹಿಂದೂಗಳಿಗೆ ಅಸ್ಪೃಶ್ಯನಾದವನು ಮುಸಲ್ಮಾನರಿಗೂ ಪಾರ್ಸಿಗಳಿಗೂ ಅಸ್ಪೃಶ್ಯನೇ ಆಗುತ್ತಾನೆ ಎಂದು ತೋರಿಸಲಿಕ್ಕೆ ಅವರು ಆ ಘಟನೆಯನ್ನು ಬರೆದರು. ಇಂದು ಮಿರ್ಜಾನದ ಬಾಗಿಲಲ್ಲಿ ನಮ್ಮನ್ನು ಯಾರೂ ತಡೆಯುವುದಿಲ್ಲ. ಆದರೆ ತಡೆಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹೋಗಬೇಕೆ? ಒಳಗೆ ನಮ್ಮದು ಎನ್ನುವಂಥದ್ದು ಏನಾದರೂ ಇರಬೇಕಲ್ಲ?

ಇದೆ ಎಂದು ತೋರಿಸಿದವನು ನಮ್ಮಪ್ಪ.

ಅಪ್ಪ ಚಿರೇಕಲ್ಲು ಪಣೆಯಲ್ಲಿ ಕಲ್ಲು ಕಡಿದವನು. ಮಿಷನ್ನು ಬರುವುದಕ್ಕೆ ಮುಂಚಿನ ಕಾಲದಲ್ಲಿ ಪಿಕಾಸಿ, ಕೊಡಲಿ ಹಿಡಿದು ದಿನವಿಡೀ ಕಡಿಯಬೇಕಿತ್ತು. ಸಂಜೆ ಮನೆಗೆ ಬಂದರೆ ರೆಪ್ಪೆ, ಮೀಸೆ, ಕಿವಿಯ ಕುಳಿ ಎಲ್ಲ ಕೆಂಪು ಹುಡಿ. ಅವ್ವಿ ಅವನ ಅಂಗಿ ಎಷ್ಟು ಸಲ ಒಗೆದರೂ ನೀರು ಕೆಂಪಗೇ ಹೋಗುತ್ತಿತ್ತು. ಡಿಗ್ರಿ ಮುಗಿದ ವರ್ಷ ಒಂದು ಭಾನುವಾರ ಅವನನ್ನು ಮಿರ್ಜಾನಕ್ಕೆ ಕರಕೊಂಡು ಹೋದೆ. ಹತ್ತಿರದ ಪಣೆಗಳಲ್ಲೇ ಬದುಕು ಸವೆಸಿದ ಮನುಷ್ಯ, ಕೋಟೆಯ ಒಳಗೆ ಕಾಲಿಟ್ಟವನಲ್ಲ. "ನಾ ಅಲ್ಲೆಂತಕ್ಕೆ?" ಎನ್ನುತ್ತಿದ್ದ. ಬಾಗಿಲ ಹತ್ತಿರದ ಫಲಕವನ್ನು ನಾನು ಗಟ್ಟಿಯಾಗಿ ಓದಿದೆ. ಅವನು ಅತ್ತ ಕಿವಿಗೊಡಲೇ ಇಲ್ಲ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು, ಕುರುಡರು ಮುಖ ಸವರಿದ ಹಾಗೆ ಸವರಿದ.

"ತಮಾ, ಅದ್ರಲ್ಲೆಂತ ಬರ್ದದ್ಯೋ ನಂಗೊತ್ತಿಲ್ಲ. ಇಲ್ ನೋಡು. ಈ ಸಾಲು ಕಡ್ದವ ಕೈ ಪಳಗಿದವ. ಆ ಬದಿ ಕಡ್ದವ ಹೊಸಬ, ಏಟು ಓರೆ ಬಿದ್ದದ್ದು ಕಾಣ್ತಿಲ್ವಾ? ಹುಡ್ಗ ಇರ್ಬೇಕು ಪಾಪ."

ನಾನು ನೋಡಿದೆ. ಪಾಚಿ ಬಿಟ್ಟರೆ ಏನೂ ಕಾಣಲಿಲ್ಲ. ಪದವಿ ಪಡೆದ ನನಗೆ ಫಲಕ ಓದಲು ಬರುತ್ತಿತ್ತು, ಗೋಡೆ ಓದಲು ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಅಪ್ಪನಿಗೆ ಗೋಡೆ ಓದಲು ಬರುತ್ತಿತ್ತು.

ಚಿರೇಕಲ್ಲಿನ ಗುಣವನ್ನು ಅವನು ಅಲ್ಲೇ ನಿಂತು ಹೇಳಿದ. ನೆಲದೊಳಗೆ ಇರುವಾಗ ಅದು ಮೆತ್ತಗೆ. ಹಸಿ ಇದ್ದಾಗಲೇ ಕಡಿದು ಮೂಲೆ ಸರಿ ಮಾಡಬೇಕು. ಮೇಲೆ ತಂದು ಗಾಳಿ ಬಿಸಿಲಿಗೆ ಇಟ್ಟರೆ ದಿನೇ ದಿನೇ ಗಟ್ಟಿಯಾಗುತ್ತದೆ. ಇದೇ ಮಾತನ್ನು ಇನ್ನೂರು ವರ್ಷದ ಹಿಂದೆ ಒಬ್ಬ ಸ್ಕಾಟ್ಲೆಂಡಿನ ವೈದ್ಯ ಪುಸ್ತಕದಲ್ಲಿ ಬರೆದ. ಫ್ರಾನ್ಸಿಸ್ ಬುಕಾನನ್ ಅವನ ಹೆಸರು. ಟಿಪ್ಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂದು ಲೆಕ್ಕ ಹಾಕಲು 1800ರಲ್ಲಿ ಅವನನ್ನು ಕಳಿಸಿತು. ಮೈಸೂರು, ಮಲಬಾರು ಸುತ್ತಿ 1801ರಲ್ಲಿ ನಮ್ಮ ಈ ಕರಾವಳಿಯಲ್ಲೂ ಹಾದು ಹೋದ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲು ಕಡಿಯುವುದನ್ನು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಈಗ ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನೇ ಹೇಳುತ್ತಾರೆ. ಹೆಸರಿಟ್ಟ ಜಾಗದಲ್ಲಿ 1979ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸ್ಮಾರಕವನ್ನೂ ನಿಲ್ಲಿಸಿತು.

ಕಲ್ಲಿಗೆ ಹೆಸರು ಸಿಕ್ಕಿತು, ಸ್ಮಾರಕ ಸಿಕ್ಕಿತು. ಅದೇ ಬುಕಾನನ್ ಕೆನರಾದ ಗದ್ದೆಗಳಲ್ಲಿ ದುಡಿಯುವ ಗುಲಾಮರನ್ನೂ ನೋಡಿದ. ಹೌದು, ಗುಲಾಮರು. ಗುಲಾಮಗಿರಿ ಅಮೆರಿಕದಲ್ಲಿ ಮಾತ್ರ ಇತ್ತು ಎಂದು ನಮಗೆ ಕಲಿಸಿದ್ದಾರೆ. ಇಲ್ಲಿ ಹೊಲೆಯರನ್ನು, ಇತರ ದುಡಿಯುವ ಜಾತಿಯವರನ್ನು ನೆಲದ ಜತೆ ಕೊಳ್ಳುವ ಮಾರುವ ಅಡವಿಡುವ ಪದ್ಧತಿ ಇತ್ತು. ಆಳಿಗೆ ಎಷ್ಟು ಅಕ್ಕಿ, ಎಷ್ಟು ಬಟ್ಟೆ ಅಂತ ಆ ಸಾಹೇಬ ಬರೆದುಕೊಂಡ. ಅಕ್ಕಿಯ ಅಳತೆ ಪುಸ್ತಕದಲ್ಲಿ ಉಳಿಯಿತು, ಉಂಡವನ ಹೆಸರು ಉಳಿಯಲಿಲ್ಲ. ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದದ್ದು 1843ರ ಐದನೆಯ ಕಾಯಿದೆ. ಆದರೂ ಜೀತ ಬೇರೆ ಬೇರೆ ಹೆಸರಿನಲ್ಲಿ ಮುಂದುವರಿದದ್ದರಿಂದಲೇ 1976ರಲ್ಲಿ ಜೀತ ನಿರ್ಮೂಲನಕ್ಕೆ ಮತ್ತೊಂದು ಕಾಯಿದೆ ಬೇಕಾಯಿತು. ನೂರಾ ಮೂವತ್ತಮೂರು ವರ್ಷದಲ್ಲಿ ಎರಡು ಸಲ ಬಿಡುಗಡೆ!

ಕೋಟೆಯ ಒಳಗಿನ ಬಾವಿಯೊಂದನ್ನು ಅಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಇದ್ನ ತೋಡ್ದವ್ರು ಇದ್ರ ನೀರು ಕುಡ್ದಿದ್ರೋ ಇಲ್ವೋ" ಅಂದ. ಅಷ್ಟೇ. ದೌಲತಾಬಾದಿನ ಕಥೆಯನ್ನು ನಾನು ಅವನಿಗೆ ಹೇಳಿರಲಿಲ್ಲ.

ಈಗ ಈ ಸುತ್ತಿನ ಬೇರೆ ಊರುಗಳನ್ನೂ ಇದೇ ಕಣ್ಣಿನಿಂದ ನೋಡೋಣ. ಗೆಳೆಯ, ನಿನ್ನ ಬಸ್ಸು ಘಟ್ಟ ಇಳಿದ ಕೂಡಲೇ ಸಿಗುವುದು ಗೇರುಸೊಪ್ಪೆ. ಒಂದು ಕಾಲದಲ್ಲಿ ಇದು ರಾಜಧಾನಿ. ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದಳು ಎನ್ನುತ್ತಾರೆ. ಘಟ್ಟದ ಕಾಳುಮೆಣಸು ಅವಳ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದರು. ಕೊನೆಗೆ ಕೆಳದಿಯ ವೆಂಕಟಪ್ಪನಾಯಕ ಅವಳ ರಾಜ್ಯ ಗೆದ್ದುಕೊಂಡ, ಅವಳು ಸೆರೆಯಲ್ಲೇ ಸತ್ತಳು. 1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆ ಎಂಬ ಪ್ರವಾಸಿ ಪೋರ್ಚುಗೀಸರ ರಾಯಭಾರಿಯ ಜತೆ ಇಕ್ಕೇರಿಗೆ ಹೊರಟ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ ಹಿಡಿದು ಗೇರುಸೊಪ್ಪೆಗೆ ಬಂದ, ಆಮೇಲೆ ಘಟ್ಟ ಹತ್ತಿದ. ಅಷ್ಟು ದೊಡ್ಡ ಪಟ್ಟಣ ಆಗಲೇ ಹಾಳು ಬಿದ್ದು, ಅರಮನೆಯ ಜಾಗದಲ್ಲಿ ಗಿಡಮರ ಎದ್ದಿತ್ತು ಎಂದು ಬರೆದಿದ್ದಾನೆ. ಹದಿನೇಳೇ ವರ್ಷದಲ್ಲಿ! ಈಗ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಸಿಂಹಾಸನ ಎಷ್ಟು ಬೇಗ ಮಣ್ಣಾಗುತ್ತದೆ ಎಂದು ಮಕ್ಕಳಿಗೆ ಕಲಿಸಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಜತೆಗೆ ಒಂದು ಮಾತು ಸೇರಿಸು. ರಾಣಿ ಹೋದಳು, ನಾಯಕ ಬಂದ, ಆಮೇಲೆ ಹೈದರ, ಟಿಪ್ಪು, ಕಂಪನಿ. ಮೆಣಸು ಕೊಯ್ದು ತಲೆಯ ಮೇಲೆ ಹೊತ್ತು ಇಳಿಸಿದವರು ಮಾತ್ರ ಬದಲಾಗಲಿಲ್ಲ.

ಮುಂದೆ ಹೊನ್ನಾವರ. ಮೊರಾಕ್ಕೋದಿಂದ ಬಂದ ಇಬ್ನ್ ಬತೂತ 1342ರ ಸುಮಾರಿಗೆ ಈ ಊರಲ್ಲಿದ್ದ. ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಇಲ್ಲಿ ನೋಡಿದೆ, ಇಂಥದ್ದನ್ನು ಬೇರೆ ಎಲ್ಲೂ ಕಾಣಲಿಲ್ಲ ಎಂದು ಬರೆದಿದ್ದಾನೆ. ಅವನು ಹೇಳಿದ್ದು ಇಲ್ಲಿನ ಮುಸಲ್ಮಾನರ ಮಕ್ಕಳ ಬಗ್ಗೆ. ಕುರಾನನ್ನು ಬಾಯಿಪಾಠ ಹೇಳುವ ಹೆಂಗಸರನ್ನು ಕಂಡು ಬೆರಗಾಗಿದ್ದ. ಆ ಶಾಲೆಗಳ ಒಂದು ಕಲ್ಲೂ ಇವತ್ತು ತೋರಿಸಲಿಕ್ಕೆ ಇಲ್ಲ. ಪ್ರವಾಸಿಗಳ ಪಟ್ಟಿಯಲ್ಲಿ ಹೊನ್ನಾವರದ ಆ ಶಾಲೆಗಳು ಬರುವುದಿಲ್ಲ. ಆದರೆ ನಿನ್ನ ಬಸ್ಸಿನಲ್ಲಿ ಇಪ್ಪತ್ತು ಹುಡುಗಿಯರಾದರೂ ಇರುತ್ತಾರಲ್ಲ, ಊರು ದಾಟುವಾಗ ಅವರಿಗೆ ಈ ಲೆಕ್ಕ ಹೇಳು. ಏಳುನೂರು ವರ್ಷದ ಹಿಂದೆ ಇಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆ. ಅದೇ ಕರಾವಳಿಯಲ್ಲಿ ಹುಟ್ಟಿದ ನಮ್ಮವ್ವಿಗೆ ಒಂದೂ ಸಿಗಲಿಲ್ಲ. ನೋಡಲಿಕ್ಕೆ ಏನೂ ಉಳಿಯದ ಊರು ಕೆಲವು ಸಲ ಕೋಟೆಗಿಂತ ಹೆಚ್ಚು ಹೇಳುತ್ತದೆ.

ಇನ್ನು ನಮ್ಮ ಕುಮಟಾ. ಇಲ್ಲಿ ಹತ್ತಿ ಬೆಳೆಯುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ ಹತ್ತಿ ಎಲ್ಲಿ ಬೆಳೆಯಬೇಕು? ಆದರೂ ಹತ್ತೊಂಬತ್ತನೇ ಶತಮಾನದಲ್ಲಿ ಮುಂಬಯಿಯಿಂದ ಇಂಗ್ಲೆಂಡಿನವರೆಗೆ 'ಕುಮಟಾ' ಎಂದರೆ ಒಂದು ಜಾತಿಯ ಹತ್ತಿ. ಧಾರವಾಡ ಹುಬ್ಬಳ್ಳಿ ಕಡೆಯ ಹತ್ತಿ ಎತ್ತಿನ ಬೆನ್ನಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಅಮೆರಿಕದಲ್ಲಿ ಗುಲಾಮಗಿರಿಯ ವಿಚಾರಕ್ಕೆ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ನಿಂತುಹೋಯಿತು, ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯ ಇತ್ತು. ಅಲ್ಲಿ ಹತ್ತಿ ಬಿಡಿಸಿದ ಕರಿಯ ಕೈಗಳಿಗೂ ಇಲ್ಲಿ ಅಂಡಿಗೆ ಹೊತ್ತ ಕಪ್ಪು ಬೆನ್ನುಗಳಿಗೂ ಒಂದೇ ಮಾರುಕಟ್ಟೆ ಬೆಲೆ ಕಟ್ಟಿತು. ಬಂದರಿನ ಹೆಸರು ಹತ್ತಿಗೆ ಅಂಟಿತು. ಹೊತ್ತವರ ಹೆಸರು ಯಾವುದಕ್ಕೂ ಅಂಟಲಿಲ್ಲ.

ಕಡೆಗೆ ಒಂದು ಜಾಗ ಹೇಳುತ್ತೇನೆ, ಗೋಕರ್ಣಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮರೆಯುವಂಥದ್ದು. ಸಾಣಿಕಟ್ಟೆಯ ಉಪ್ಪಿನ ಆಗರ. ಭರತ ಬಂದಾಗ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಪಾತಿಯಿಂದ ಪಾತಿಗೆ ಹರಿಸಿ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ ಉಪ್ಪನ್ನು ಎಳೆದು ಗುಡ್ಡೆ ಹಾಕುತ್ತಾರೆ. ಮಳೆ ಬೀಳುವ ಮೊದಲು ಕೆಲಸ ಮುಗಿಯಬೇಕು. ಬಿಸಿಲು ಮೇಲಿನಿಂದಲೂ ಸುಡುತ್ತದೆ, ಬಿಳಿಯ ಉಪ್ಪಿನಿಂದ ಕೆಳಗಿನಿಂದಲೂ ಸುಡುತ್ತದೆ. ಆಗರದಲ್ಲಿ ದುಡಿದು ದುಡಿದು ಆಗೇರ ಎಂದೇ ಹೆಸರಾದ ಜನ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. 1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದರು. ಆ ಧೈರ್ಯ ದೊಡ್ಡದು, ಅದನ್ನು ಹಗುರ ಮಾಡುವ ಮಾತು ನನ್ನದಲ್ಲ. ಆದರೆ ಒಂದು ದಿನ ಉಪ್ಪು ಮಾಡಿದವರು ಸ್ವಾತಂತ್ರ್ಯ ಯೋಧರಾದರು. ತಲೆತಲಾಂತರದಿಂದ ಉಪ್ಪು ಮಾಡಿದವರು ಕೂಲಿಗಳಾಗಿಯೇ ಉಳಿದರು. ಇದನ್ನು ಮಕ್ಕಳಿಗೆ ಹೇಳದೆ ಉಪ್ಪಿನ ಸತ್ಯಾಗ್ರಹದ ಪಾಠ ಮಾಡಿದರೆ ಅದು ಉಪ್ಪಿಲ್ಲದ ಪಾಠ.

ಹೀಗೆ ಎಲ್ಲ ಊರೂ ಸುತ್ತಿ ಮತ್ತೆ ಮಿರ್ಜಾನದ ಬಾಗಿಲಿಗೇ ಬಂದೆ. ನಾನು ಬೇಡ ಅಂದದ್ದು ತಪ್ಪು. ಕಟ್ಟಿಸಿದವರ ಹೆಸರು ಹೇಳುತ್ತಾರೆ ಎಂಬ ಸಿಟ್ಟಿಗೆ ನಾವು ಆ ಕಡೆ ಹೋಗುವುದನ್ನೇ ಬಿಟ್ಟರೆ, ಕಟ್ಟಿದವರನ್ನು ಕೇಳುವವರು ಯಾರು? ರಾಣಿಯ ವಂಶವೂ ಇಲ್ಲಿಲ್ಲ, ಸುಲ್ತಾನನ ವಂಶವೂ ಇಲ್ಲಿಲ್ಲ. ಕಲ್ಲು ಕಡಿಯುವವರ ವಂಶ ಮಾತ್ರ ಕುಮಟಾ ತಾಲೂಕಿನ ಕೇರಿಕೇರಿಯಲ್ಲೂ ಇದೆ. ಪುರಾತತ್ವ ಇಲಾಖೆಯವರು 2000-01ರಲ್ಲಿ ಕೋಟೆಯೊಳಗೆ ಅಗೆದಾಗ ಪೋರ್ಚುಗೀಸರ ಕಾಲದ ಚಿನ್ನದ ನಾಣ್ಯ ಸಿಕ್ಕಿತು, ಕಬ್ಬಿಣದ ಗುಂಡು ಸಿಕ್ಕಿತು, ಚೀನಾದ ಪಿಂಗಾಣಿಯ ಚೂರು ಸಿಕ್ಕಿತು. ಅವೆಲ್ಲ ಉಳ್ಳವರ ಗುರುತು. ದುಡಿದವರ ಗುರುತು ಸಿಗಬೇಕಾದರೆ ನೆಲ ಅಗೆಯುವುದು ಬೇಡ, ಗೋಡೆ ಮುಟ್ಟಿದರೆ ಸಾಕು.

ಆದ್ದರಿಂದ ಗೆಳೆಯ, ಮಕ್ಕಳನ್ನು ಕರಕೊಂಡು ಬಾ. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರಿನಲ್ಲಿ ಬಾ, ಪಾಚಿ ಒಣಗಿ ಕಲ್ಲಿನ ಮೈ ಕಾಣುತ್ತದೆ. ಬುರುಜಿನ ಮೇಲೆ ಓಡಲು ಬಿಡಬೇಡ, ಜಾರಿದರೆ ಕಷ್ಟ. ಕುಡಿಯುವ ನೀರು ಬಸ್ಸಿನಲ್ಲೇ ಇರಲಿ. ಬೆಳಿಗ್ಗೆ ಎಂಟೂವರೆಗೆ ಕುಮಟಾ ಬಿಟ್ಟರೆ ಒಂಬತ್ತಕ್ಕೆ ಕೋಟೆಯ ಮುಂದೆ ಇರುತ್ತೀರಿ, ಎರಡು ಗಂಟೆ ಬೇಕಾದಷ್ಟಾಯಿತು. ಫಲಕವನ್ನೂ ಓದಿಸು, ಬಿಡಬೇಡ. ಓದಿದ ಮೇಲೆ ಒಂದು ಕೆಲಸ ಕೊಡು. ಕಟ್ಟಿಸಿದರು ಎಂದು ಎಲ್ಲೆಲ್ಲಿ ಬರುತ್ತದೋ ಅಲ್ಲಲ್ಲಿ ಇಸು ತೆಗೆದು ವಾಕ್ಯ ಬರೆಯಲಿ. ಕಟ್ಟಿದರು. ತೋಡಿದರು. ಹೊತ್ತರು. ಆಮೇಲೆ 'ಯಾರು' ಎಂದು ಕೇಳು. ನಿನ್ನ ನಲವತ್ತು ಮಕ್ಕಳಲ್ಲಿ ಒಂದಾದರೂ ತನ್ನಪ್ಪನ ಹೆಸರು ಹೇಳುತ್ತದೆ.

ಗೋಡೆ ಓದುವುದಕ್ಕೆ ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಅಪ್ಪನನ್ನು ಕೇಳಿದೆ. ಮೊದಲು ನಾಚಿಕೊಂಡ. "ಶಾಲೆ ಮಕ್ಳ ಮುಂದೆ ನಾ ಎಂತ ಮಾತಾಡುದು ತಮಾ?" ಅಂದ. ಮರುದಿನ ಅವನೇ ಬಂದು, ಹಳೇ ಪಿಕಾಸಿ ಅಟ್ಟದ ಮೇಲೆ ಉಂಟು, ತರಲೋ ಎಂದು ಕೇಳಿದ. ಬರುತ್ತಾನೆ. ಆದರೆ ಅವನಿಗೆ ಅವತ್ತಿನ ಕೂಲಿ ತಪ್ಪುತ್ತದೆ, ಅದನ್ನು ನೀವು ಕೊಡಬೇಕು. ಪ್ರವಾಸದ ಲೆಕ್ಕದಲ್ಲಿ ಕೂಲಿ ಎಂದು ಬರೆಯಬೇಡ. ಉಪನ್ಯಾಸಕರ ಗೌರವಧನ ಎಂದು ಬರೆ. ರಸೀತಿಗೆ ಅವನು ಹೆಬ್ಬೆಟ್ಟು ಒತ್ತುತ್ತಾನೆ.